ಸುದ್ದಿಯ ಪತ್ತು: ಮುಂಬಯಿ ಪ್ರಾಂತದ ಪ್ಲೇಗೂ ಜನರ ಅಪನಂಬಿಕೆಯೂ

ಮಹಾಮಾರಿಗಳ ಕಾಲದ ಸರಕಾರಿ ವರದಿಗಳನ್ನು ಓದುವವರಿಗೆ ಒಂದು ಧಾಟಿ ಬಲುಬೇಗ ಪರಿಚಿತವಾಗುತ್ತದೆ. ಅಧಿಕಾರಿಗಳು ಎಚ್ಚರಿಸಿದರು, ಪತ್ರಿಕೆಗಳು ಬರೆದವು, ವೈದ್ಯರು ಮನೆಮನೆಗೂ ಹೋದರು. ಜನರು ಮಾತ್ರ ನಂಬಲಿಲ್ಲ. ನಂಬದಿರುವುದಕ್ಕೆ ಅಜ್ಞಾನ, ಮೌಢ್ಯ, ವಿಧಿಯಲ್ಲಿಟ್ಟ ವಿಶ್ವಾಸ ಎಂಬ ಮೂರು ಕಾರಣಗಳನ್ನು ಬರೆದು ವರದಿಯು ಮುಂದಿನ ಪ್ರಕರಣಕ್ಕೆ ಸಾಗುತ್ತದೆ. ೧೮೯೬ರಿಂದ ೧೮೯೮ರವರೆಗೆ ಮುಂಬಯಿ, ಪುಣೆ, ಹುಬ್ಬಳ್ಳಿಗಳಲ್ಲಿ ನಡೆದುದನ್ನು ಸ್ವಲ್ಪ ಸಾವಧಾನವಾಗಿ ನೋಡಿದರೆ ಈ ವಿವರಣೆ ಸಾಲದೆಂದು ತೋರುತ್ತದೆ. ಜನರ ಅಪನಂಬಿಕೆಗೆ ಅದರದೇ ಆದೊಂದು ಲೆಕ್ಕಾಚಾರವಿತ್ತು. ಆ ಲೆಕ್ಕಾಚಾರವು ಎಲ್ಲಾ ಕಡೆಯೂ ತಪ್ಪಾಗಿರಲಿಲ್ಲ.

ಬ್ಯಾಂಕಿನ ವೃತ್ತಿಯಲ್ಲಿರುವವರಿಗೆ ಪತ್ತು ಎಂಬ ಮಾತು ನಿತ್ಯದ್ದು. ಸಾಲ ಕೇಳಲು ಬಂದವನ ಕಾಗದಪತ್ರಗಳು ಎಷ್ಟೇ ಅಚ್ಚುಕಟ್ಟಾಗಿರಲಿ, ಅವನು ಹಿಂದೆ ಹೇಗೆ ನಡೆದುಕೊಂಡಿದ್ದನು, ಈಗ ಈ ಮಾತನ್ನಾಡುವುದರಿಂದ ಅವನಿಗೆ ಒದಗುವ ಲಾಭವೇನು ಎಂಬೆರಡನ್ನು ವಿಚಾರಿಸದೆ ಯಾರೂ ಹಣದ ಚೀಲ ಬಿಚ್ಚುವುದಿಲ್ಲ. ಸುದ್ದಿಗೂ ಇಂತಹ ಪತ್ತು ಉಂಟು. ಪ್ಲೇಗಿನ ಸುದ್ದಿಯ ಪತ್ತು ಹೇಗೆ ಕುಸಿಯಿತು, ಎಲ್ಲಿ ಮರಳಿ ಚಿಗುರಿತು ಎಂಬುದೇ ಈ ಲೇಖನದ ವಿಷಯ.

ಮುಂಬಯಿಯ ಮಾಂಡವಿ ಬಂದರಿಗೆ ಹೊಂದಿಕೊಂಡ ಪೇಟೆ. ಧಾನ್ಯದ ಗೋದಾಮುಗಳೂ, ಆ ಗೋದಾಮುಗಳ ಮೇಲೆಯೇ ಜನ ಕಿಕ್ಕಿರಿದು ವಾಸಿಸುತ್ತಿದ್ದ ಮಾಳಿಗೆಗಳೂ ಅಲ್ಲಿ ಒತ್ತೊತ್ತಾಗಿದ್ದವು. ೧೮೯೬ರ ಸೆಪ್ಟೆಂಬರಿನಲ್ಲಿ ಆ ಭಾಗದಲ್ಲಿ ಚಿಕಿತ್ಸೆ ಮಾಡುತ್ತಿದ್ದ ಡಾಕ್ಟರ್ ಅಕಾಸಿಯೊ ಗೇಬ್ರಿಯಲ್ ವಿಯೇಗಸರಿಗೆ, ತಾವು ನೋಡುತ್ತಿದ್ದ ಜ್ವರವು ಪ್ಲೇಗೆಂಬುದು ಖಚಿತವಾಯಿತು. ಅವರು ಗೋವೆಯವರು, ನಗರಸಭೆಯ ಸದಸ್ಯರೂ ಆಗಿದ್ದರು. ಸೆಪ್ಟೆಂಬರ್ ೨೩ರಂದು ನಗರಸಭೆಯ ಸ್ಥಾಯೀಸಮಿತಿಯಲ್ಲಿ ಅವರು ಈ ಮಾತನ್ನು ಬಾಯಿಬಿಟ್ಟು ಹೇಳಿದರು. ಎರಡು ವರ್ಷಗಳ ಹಿಂದೆ, ೧೮೯೪ರಲ್ಲಿ, ಹಾಂಗ್‌ಕಾಂಗಿನಲ್ಲಿ ಪ್ಲೇಗು ಎದ್ದು, ಅಲ್ಲಿಯೇ ಯೆರ್ಸಿನ್ ಎಂಬ ವಿಜ್ಞಾನಿ ಅದರ ಕ್ರಿಮಿಯನ್ನು ಕಂಡುಹಿಡಿದಿದ್ದನು. ಹಾಂಗ್‌ಕಾಂಗಿನಿಂದ ಹಡಗುಗಳು ಮುಂಬಯಿಗೆ ಬರುತ್ತಲೇ ಇದ್ದವು. ಆದುದರಿಂದ ವಿಯೇಗಸರ ಮಾತಿನಲ್ಲಿ ಅಸಂಭವವೆನ್ನುವಂಥದು ಏನೂ ಇರಲಿಲ್ಲ.

ಆದರೂ ಆ ಮಾತು ಕಹಿಯಾಯಿತು. ಇಲ್ಲಿ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಮೊತ್ತಮೊದಲು ಅಳುಕಿದವರು ಚಾಳುಗಳ ಬಡವರಲ್ಲ. ಪ್ಲೇಗೆಂಬ ಹೆಸರನ್ನು ಉಚ್ಚರಿಸಲು ಹಿಂದೆಮುಂದೆ ನೋಡಿದುದು ಅಧಿಕಾರವರ್ಗ. ‘ಗೆಡ್ಡೆಜ್ವರ’ ಎನ್ನುವಂತಹ ಮೆದುವಾದ ಹೆಸರು ಕೆಲಕಾಲ ಚಲಾವಣೆಯಲ್ಲಿತ್ತು. ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮುಂಬಯಿಯ ಬದುಕೆಂದರೆ ಬಂದರು. ಪ್ಲೇಗು ಉಂಟೆಂದು ತಂತಿಯ ಸುದ್ದಿ ಹೋದ ದಿನವೇ ಯೂರೋಪಿನ ರೇವುಗಳು ಮುಂಬಯಿಯ ಹಡಗುಗಳಿಗೂ ಸರಕಿಗೂ ಬಾಗಿಲು ಹಾಕುವ ಯೋಚನೆಗೆ ತೊಡಗುವುವೆಂಬುದು ಎಲ್ಲರಿಗೂ ತಿಳಿದಿತ್ತು. ಈ ಭೀತಿ ಹುಸಿಯಾಗಲಿಲ್ಲ. ೧೮೯೭ರ ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಇದೇ ಕಾರಣಕ್ಕಾಗಿ ವೆನಿಸ್ ನಗರದಲ್ಲಿ ಅಂತಾರಾಷ್ಟ್ರೀಯ ಆರೋಗ್ಯಸಮ್ಮೇಳನವೇ ಸೇರಿತು; ಆ ವರ್ಷ ಮುಂಬಯಿಯಿಂದ ಹಜ್ ಯಾತ್ರೆಯನ್ನೂ ನಿಲ್ಲಿಸಲಾಯಿತು.

ಕಲ್ಕತ್ತೆಯಿಂದ ಬಂದ ಹಾಫ್ಕಿನ್ ಎಂಬ ಕ್ರಿಮಿಶಾಸ್ತ್ರಜ್ಞನು ಅಕ್ಟೋಬರಿನಲ್ಲಿ ಇದು ಪ್ಲೇಗೇ ಸರಿಯೆಂದು ಸ್ಥಿರಪಡಿಸುವ ಹೊತ್ತಿಗೆ ಅಧಿಕಾರಿಗಳ ಸ್ವರ ಮಂದ್ರದಿಂದ ನೇರವಾಗಿ ತಾರಕ್ಕೇರಿತ್ತು. ಅಕ್ಟೋಬರ್ ೬ರಂದು ನಗರದ ಕಮಿಷನರ್ ಸ್ನೋ ಒಂದು ಪ್ರಕಟಣೆ ಹೊರಡಿಸಿದನು: ರೋಗ ತಗಲಿದವರನ್ನು ಬಲವಂತವಾಗಿಯಾದರೂ ಆಸ್ಪತ್ರೆಗೆ ಸಾಗಿಸುವ ಅಧಿಕಾರ ನಗರಸಭೆಗೆ ಉಂಟು. ನಿನ್ನೆಯವರೆಗೆ ಇದು ಸಾಧಾರಣ ಜ್ವರವೆನ್ನುತ್ತಿದ್ದ ಬಾಯಿಯೇ ಇಂದು ಮನೆಯ ಮಗುವನ್ನು ಎತ್ತಿಕೊಂಡು ಹೋಗುವೆನೆಂದು ಹೇಳಿದರೆ ಕೇಳುವವನು ಯಾವುದನ್ನು ನಂಬಬೇಕು? ಸಾಲಗಾರನೊಬ್ಬ ಒಂದೇ ತಿಂಗಳಲ್ಲಿ ಎರಡು ಬಗೆಯ ಜಮಾಖರ್ಚು ತಂದೊಪ್ಪಿಸಿದಂತೆ ಇದು.

ಆರ್ಥರ್ ರಸ್ತೆಯ ಆಸ್ಪತ್ರೆಗೆ ಹೋದವರಲ್ಲಿ ಹಿಂತಿರುಗಿದವರು ವಿರಳ. ರೋಗ ಕಠಿಣವಾದುದು, ಮೇಲಾಗಿ ಉಲ್ಬಣಾವಸ್ಥೆಯಲ್ಲಿದ್ದವರನ್ನೇ ಅಲ್ಲಿಗೆ ಒಯ್ಯುತ್ತಿದ್ದುದರಿಂದ ಸಾವು ಹೆಚ್ಚಾಗುವುದು ಸ್ವಾಭಾವಿಕ. ಜನರು ಇದನ್ನು ಬೇರೆ ರೀತಿಯಲ್ಲಿ ಓದಿಕೊಂಡರು. ಒಳಗೆ ರೋಗಿಗಳನ್ನು ಕೊಂದು ದೇಹದಿಂದ ಮೊಮಿಯಾಯಿ ಎಂಬ ತೈಲ ತೆಗೆಯುತ್ತಾರೆಂಬ ವದಂತಿ ಹಬ್ಬಿತು. ಅದೇ ಅಕ್ಟೋಬರಿನಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಯಾರೋ ಡಾಂಬರು ಬಳಿದಿದ್ದರು. ಆ ಅಪಮಾನಕ್ಕೆ ಪ್ರತಿಯಾಗಿ ರಾಣಿಯು ಮುಂಬಯಿಯ ಜನರ ಪಿತ್ತಕೋಶಗಳನ್ನು ಬೇಡಿರುವಳೆಂಬುದು ಇನ್ನೊಂದು ವದಂತಿ. ಅಕ್ಟೋಬರ್ ೨೯ರಂದು ಸುಮಾರು ಸಾವಿರ ಮಂದಿ ಗಿರಣಿ ಕೆಲಸಗಾರರು ಆಸ್ಪತ್ರೆಯ ಮೇಲೆ ನುಗ್ಗಿದರು. ಮರುದಿನವೇ ನಗರಸಭೆ ತನ್ನ ಪ್ರಕಟಣೆಯ ಬಿಗಿಯನ್ನು ಸಡಿಲಿಸಿತು. ವದಂತಿಗಳು ನಿಜವಾಗಿರಲಿಲ್ಲ, ಸಂದೇಹವಿಲ್ಲ. ಆದರೆ ಅವುಗಳ ಒಳಗಿದ್ದ ಪ್ರಶ್ನೆ ಕ್ಷುದ್ರವಾದುದಲ್ಲ. ಬರದಲ್ಲಿ, ವಾಂತಿಭೇದಿಯಲ್ಲಿ ನಮ್ಮ ಜೀವದ ಬಗ್ಗೆ ಇಷ್ಟೊಂದು ಕಳವಳ ತೋರದಿದ್ದ ಸರಕಾರಕ್ಕೆ ಈಗಲೇ ಇಷ್ಟು ಮಮತೆ ಏಕೆ? ಉತ್ತರ ವೆನಿಸ್ಸಿನಲ್ಲಿತ್ತು, ಲಿವರ್‌ಪೂಲಿನ ಹತ್ತಿಯ ಪೇಟೆಯಲ್ಲಿತ್ತು. ಅದು ತಿಳಿಯದ ಕಾರ್ಮಿಕ ತನಗೆ ತಿಳಿದ ಭಾಷೆಯಲ್ಲಿ, ಎಣ್ಣೆಯ ಮತ್ತು ಪಿತ್ತಕೋಶದ ಭಾಷೆಯಲ್ಲಿ, ಉತ್ತರ ಕಲ್ಪಿಸಿಕೊಂಡನು.

ಹೀಗೆ ನಂಬದವರು ಏನು ಮಾಡಿದರು? ಊರು ಬಿಟ್ಟರು. ೧೮೯೧ರ ಜನಗಣತಿಯಲ್ಲಿ ಮುಂಬಯಿಯ ಜನಸಂಖ್ಯೆ ೮,೨೧,೭೬೪. ೧೮೯೭ರ ಫೆಬ್ರವರಿಯ ವೇಳೆಗೆ ಮೂರೂವರೆ ಲಕ್ಷಕ್ಕೂ ಮಿಕ್ಕಿ ಜನರು ನಗರವನ್ನು ತೊರೆದಿದ್ದರು. ಬಾಯಿ ಪ್ಲೇಗಿಲ್ಲವೆನ್ನುತ್ತಿತ್ತು, ಕಾಲು ಬೋರಿಬಂದರಿನ ನಿಲ್ದಾಣದ ಕಡೆಗೆ ನಡೆಯುತ್ತಿತ್ತು. ಈ ವೈಚಿತ್ರ್ಯವನ್ನು ಅಂದಿನ ವರದಿಗಾರರು ಜನರ ಅವಿವೇಕವೆಂದು ಬರೆದರು. ನನಗಾದರೋ ಇದರಲ್ಲಿ ವಿರೋಧವೇನೂ ಕಾಣುವುದಿಲ್ಲ. ಸಾವು ನಿಜವೆಂದು ಅವರಿಗೆ ಪಕ್ಕದ ಕೋಣೆಯಿಂದಲೇ ತಿಳಿದಿತ್ತು. ಸಾವಿನ ಹೆಸರಿನಲ್ಲಿ ಬರುವ ಅಧಿಕಾರಿಯ ಮಾತಿಗೆ ಮಾತ್ರ ಅವರು ಬೆಲೆ ಕಟ್ಟಲಿಲ್ಲ. ರೋಗವನ್ನು ನಂಬುವುದು ಬೇರೆ, ರೋಗದ ಪ್ರಕಟಣೆಯನ್ನು ನಂಬುವುದು ಬೇರೆ.

ಗಿರಣಿಗಳಲ್ಲಿ ಕೆಲಸಗಾರರ ಕ್ಷಾಮ ಉಂಟಾಯಿತು. ತಿಂಗಳ ಸಂಬಳವನ್ನು ತಡವಾಗಿ, ಹಿಡಿದಿಟ್ಟು ಕೊಡುವುದು ಅಂದಿನ ಗಿರಣಿಗಳ ವಾಡಿಕೆ. ೧೮೯೭ರಲ್ಲಿ ದಿನಗೂಲಿಯನ್ನು ಅಂದಂದೇ ಎಣಿಸಿಕೊಡುವ ಪದ್ಧತಿ ಬಂದು, ಬೀದಿಯ ಮೂಲೆಗಳಲ್ಲಿ ಕೆಲಸಗಾರರಿಗಾಗಿ ಮಾಲಿಕರ ಕಡೆಯವರು ಏರಿನ ಸವಾಲು ಕೂಗುವಂತಾಯಿತು. ಅಂದಿನ ಪ್ಲೇಗಿನ ಪ್ರಮಾಣವನ್ನು ತಿಳಿಯಬೇಕಾದವನಿಗೆ ಈ ಕೂಲಿಯ ದರವು ಯಾವ ಸಂಪಾದಕೀಯಕ್ಕಿಂತಲೂ ನಂಬಲರ್ಹವಾದ ವರ್ತಮಾನವಾಗಿತ್ತೆಂದು ನನ್ನ ಅಭಿಪ್ರಾಯ.

ಪತ್ರಿಕೆಗಳು ಅಚ್ಚುಹಾಕುತ್ತಿದ್ದ ಅಂಕಿಗಳ ವಿಷಯವನ್ನೂ ಹೇಳಬೇಕು. ಪ್ಲೇಗಿನಿಂದ ಸತ್ತವರ ಸಂಖ್ಯೆ ಒಂದು, ನಗರದ ಒಟ್ಟು ಮರಣಗಳ ಸಂಖ್ಯೆ ಇನ್ನೊಂದು. ಒಟ್ಟು ಮರಣಗಳು ವಾಡಿಕೆಯ ವರ್ಷಗಳಿಗಿಂತ ಎಷ್ಟು ಏರಿದವೋ ಅಷ್ಟು ಪ್ಲೇಗಿನ ಲೆಕ್ಕದಲ್ಲಿ ಕಾಣುತ್ತಿರಲಿಲ್ಲ. ಪ್ಲೇಗೆಂದು ಬರೆಸಿದರೆ ಮನೆಯನ್ನು ಶೋಧಿಸುತ್ತಾರೆ, ಬಟ್ಟೆಬರೆ ಸುಡುತ್ತಾರೆ, ಉಳಿದವರನ್ನು ಶಿಬಿರಕ್ಕೆ ಸಾಗಿಸುತ್ತಾರೆ ಎಂದು ಮನೆಯವರು ಬೇರೆ ಜ್ವರವೆಂದೇ ಬರೆಸುತ್ತಿದ್ದರು. ಭೀತಿ ಹುಟ್ಟಿಸಿದ ಕ್ರಮಗಳೇ ಅಂಕಿಗಳನ್ನು ಸುಳ್ಳಾಗಿಸಿದವು. ಸುಳ್ಳಾದ ಅಂಕಿಗಳನ್ನು ನೋಡಿ ಜನರು ಪತ್ರಿಕೆಯನ್ನು ಇನ್ನಷ್ಟು ಅನುಮಾನಿಸಿದರು.

ಪುಣೆಯ ಪ್ರಕರಣ ಇದಕ್ಕಿಂತ ಪ್ರಸಿದ್ಧವಾದುದು. ೧೮೯೭ರ ಫೆಬ್ರವರಿ ೪ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ಮಾರ್ಚಿಯಲ್ಲಿ ರ‍್ಯಾಂಡನ ಅಧ್ಯಕ್ಷತೆಯ ಪ್ಲೇಗ್ ಸಮಿತಿ ಗೋರಾ ಸೈನಿಕರನ್ನು ಮನೆಗಳ ಶೋಧಕ್ಕೆ ಇಳಿಸಿತು. ಈ ಭಾಗವನ್ನು ಬರೆಯುವವರು ಸಾಮಾನ್ಯವಾಗಿ ಸೈನಿಕರ ದೌರ್ಜನ್ಯ, ಜೂನ್ ೨೨ರ ರಾತ್ರಿಯ ಹತ್ಯೆ, ಚಾಪೇಕರ ಸಹೋದರರಿಗಾದ ಗಲ್ಲು ಇವುಗಳ ಮೇಲೆ ನಿಲ್ಲುತ್ತಾರೆ. ನಮ್ಮ ವಿಷಯಕ್ಕೆ ಮುಖ್ಯವಾದುದು ‘ಕೇಸರಿ’ ಪತ್ರಿಕೆಯ ನಡತೆ. ತಿಲಕರು ಪ್ಲೇಗನ್ನು ಎಂದೂ ಅಲ್ಲಗಳೆಯಲಿಲ್ಲ. ರೋಗಿಗಳನ್ನು ಪ್ರತ್ಯೇಕಿಸುವುದು ಅಗತ್ಯವೆಂದೇ ಬರೆದರು. ಊರು ಬಿಟ್ಟು ಓಡಿದ ಮುಖಂಡರನ್ನು ಹೀಯಾಳಿಸಿದರು. ತಾವು ಪುಣೆಯಲ್ಲಿಯೇ ನಿಂತು ಹಿಂದೂ ಪ್ಲೇಗ್ ಆಸ್ಪತ್ರೆಯ ವ್ಯವಸ್ಥೆಗೆ ಕೈಹಾಕಿದರು. ರೋಗ ನಿಜ, ಕ್ರಮ ಕ್ರೂರ ಎಂಬೆರಡನ್ನೂ ಒಂದೇ ಪತ್ರಿಕೆ ಹೇಳಿದುದು ಅಂದಿನ ಸಂದರ್ಭದಲ್ಲಿ ಸಣ್ಣ ಸಂಗತಿಯಲ್ಲ. ರ‍್ಯಾಂಡನ ಹತ್ಯೆಯಾದ ಮೇಲೆ ಆಂಗ್ಲರ ಒಡೆತನದ ಪತ್ರಿಕೆಗಳು ಕೇಸರಿಯ ಬರಹಗಳನ್ನು ಆ ಹತ್ಯೆಯೊಡನೆ ಗಂಟುಹಾಕಿದವು. ಸೆಪ್ಟೆಂಬರ್ ೧೪ರಂದು ಆರು ಮಂದಿ ಯೂರೋಪಿಯನ್ನರು ಅಪರಾಧಿಯೆಂದೂ ಮೂವರು ಭಾರತೀಯರು ನಿರ್ದೋಷಿಯೆಂದೂ ಹೇಳಿದ ಜ್ಯೂರಿಯ ಬಹುಮತದ ಮೇಲೆ ತಿಲಕರಿಗೆ ಹದಿನೆಂಟು ತಿಂಗಳ ಸಜೆಯಾಯಿತು.

ಅದೇ ಬೇಸಗೆಯಲ್ಲಿ ಗೋಖಲೆಯವರು ಇಂಗ್ಲೆಂಡಿನಲ್ಲಿದ್ದರು. ಪುಣೆಯ ಸ್ನೇಹಿತರ ಪತ್ರಗಳನ್ನು ನಂಬಿ, ಸೈನಿಕರು ಸ್ತ್ರೀಯರ ಮಾನಭಂಗ ಮಾಡಿದರೆಂಬ ಆರೋಪವನ್ನು ಅಲ್ಲಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಿಂತಿರುಗಿದಾಗ ಪುರಾವೆ ಒದಗಿಸಲಾಗಲಿಲ್ಲ. ಮಾಹಿತಿ ಕೊಟ್ಟವರ ಹೆಸರನ್ನು ಹೇಳಲೂ ಅವರು ಒಪ್ಪಲಿಲ್ಲ. ಬಹಿರಂಗವಾಗಿ ಕ್ಷಮೆ ಕೇಳಿದರು. ಪರಿಣಾಮವೇನೆಂದರೆ ಸೆರೆಗೆ ಹೋದವರ ಪತ್ತು ಬೆಳೆಯಿತು, ಕ್ಷಮೆ ಕೇಳಿದವರ ಪತ್ತು ವರ್ಷಾಂತರಗಳವರೆಗೆ ಇಳಿದೇ ಇತ್ತು. ವಸೂಲಾಗದ ಸಾಲವನ್ನು ಪ್ರಾಮಾಣಿಕವಾಗಿ ಲೆಕ್ಕದಿಂದ ತೆಗೆದುಹಾಕುವ ಬ್ಯಾಂಕಿನ ಮೇಲೆ ಠೇವಣಿದಾರರು ಮುತ್ತಿಗೆ ಹಾಕುವುದುಂಟು, ಮುಚ್ಚಿಟ್ಟವನು ಸುಖವಾಗಿರುತ್ತಾನೆ. ಗೋಖಲೆಯವರಿಗೆ ಅಂದಿನ ಜನಾಭಿಪ್ರಾಯ ಅನ್ಯಾಯ ಮಾಡಿತೆಂದೇ ಹೇಳಬೇಕು. ಜನರ ಸಂಶಯಬುದ್ಧಿಯನ್ನು ಎತ್ತಿಹಿಡಿಯಹೊರಟವರು ಈ ಮಾತನ್ನೂ ಮರೆಯತಕ್ಕದ್ದಲ್ಲ. ಅಧಿಕಾರಿಯನ್ನು ಅನುಮಾನಿಸಿದ ಜನರು ಅಧಿಕಾರಿಯ ವಿರೋಧಿಯನ್ನು ಅಷ್ಟೇ ಸೂಕ್ಷ್ಮವಾಗಿ ಪರೀಕ್ಷಿಸಲಿಲ್ಲ.

ಸರಕಾರವು ಇದರಿಂದ ಕಲಿತ ಪಾಠ ಬೇರೆ. ೧೮೯೮ರಲ್ಲಿ ದಂಡಸಂಹಿತೆಯನ್ನು ತಿದ್ದಿ, ರಾಜದ್ರೋಹದ ೧೨೪ಎ ಕಲಮನ್ನು ಹಿಗ್ಗಿಸಿ, ೫೦೫ನೆಯ ಕಲಮನ್ನು ಹೊಸದಾಗಿ ಬರೆಯಿತು. ಸಾರ್ವಜನಿಕರಲ್ಲಿ ಭಯವನ್ನಾಗಲಿ ದಿಗಿಲನ್ನಾಗಲಿ ಹುಟ್ಟಿಸಿ ಅಪರಾಧಕ್ಕೆ ಪ್ರೇರೇಪಿಸುವ ವದಂತಿಯನ್ನು ಪ್ರಕಟಿಸುವುದು ಅದರ ಪ್ರಕಾರ ಶಿಕ್ಷಾರ್ಹ. ದಿಗಿಲನ್ನು ಸರಕಾರವೇ ಹುಟ್ಟಿಸಿದರೆ ಏನೆಂಬ ಪ್ರಶ್ನೆಯನ್ನು ಆ ಕಲಮು ಎತ್ತಲಿಲ್ಲ. ಅದೇ ವರ್ಷದ ಮಾರ್ಚ್ ೯ರಂದು ಮುಂಬಯಿಯ ಮದನಪುರದಲ್ಲಿ ನೇಕಾರರ ಮನೆಯೊಂದರ ಹುಡುಗಿಯನ್ನು ಪರೀಕ್ಷಿಸಲು ಪ್ಲೇಗ್ ತಂಡ ಹೋದಾಗ ದಂಗೆಯೆದ್ದಿತು. ಕಾನೂನು ಬಿಗಿಯಾಗುತ್ತಿದ್ದಾಗಲೇ ಪ್ಲೇಗಿನ ಕ್ರಮಗಳನ್ನು ಸಡಿಲಿಸದೆ ಗತ್ಯಂತರವಿರಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹುಬ್ಬಳ್ಳಿ ರೈಲ್ವೆಯ ಊರು, ಹತ್ತಿಯ ಪೇಟೆ, ಐವತ್ತು ಸಾವಿರದ ಆಸುಪಾಸಿನ ಜನವಸತಿ. ಮುಂಬಯಿಯಲ್ಲಿ ಹಾಫ್ಕಿನ್ನನು ಸಿದ್ಧಪಡಿಸಿ ೧೮೯೭ರ ಜನವರಿ ೧೦ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ ಲಸಿಕೆಯನ್ನು ಅನೇಕ ಊರುಗಳು ಬೇಡವೆಂದು ತಳ್ಳಿದ್ದವು. ಹುಬ್ಬಳ್ಳಿಯಲ್ಲಿ ೧೮೯೮ರ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಮೂವತ್ತೈದು ಸಾವಿರಕ್ಕೂ ಹೆಚ್ಚು ಜನರು ಅದನ್ನು ಹಾಕಿಸಿಕೊಂಡರು. ಸರ್ಜನ್ ಲ್ಯೂಮನ್ ಎಂಬ ವೈದ್ಯನು ಈ ಕಾರ್ಯವನ್ನು ನಡೆಸಿದನು. ಅಂದಿನ ಹಿಂದೂಸ್ಥಾನದಲ್ಲಿ ಒಂದು ಇಡೀ ಊರು ಲಸಿಕೆಗೆ ಹೀಗೆ ತೋಳೊಡ್ಡಿದ ಉದಾಹರಣೆಗಳು ತೀರ ಕಡಮೆ.

ಪುಣೆಯ ಜನ ಅಜ್ಞಾನದಿಂದ ಪ್ರತಿಭಟಿಸಿದರೆಂದಾದರೆ ಹುಬ್ಬಳ್ಳಿಯ ಜನ ಹೆಚ್ಚು ವಿದ್ಯಾವಂತರಾಗಿದ್ದರೇ? ಹಾಗೇನೂ ಇಲ್ಲ. ಲಸಿಕೆ ಹಾಕಿಸಿಕೊಂಡವರಿಗೆ ಪ್ರತ್ಯೇಕವಾಸದ ನಿಯಮಗಳಿಂದ ವಿನಾಯಿತಿ ಸಿಗುತ್ತಿದ್ದುದೂ ಒಂದು ಆಕರ್ಷಣೆಯಾಗಿರಬೇಕು. ಅದಕ್ಕಿಂತ ಮಿಗಿಲಾದ ಕಾರಣವೊಂದನ್ನು ನಾನು ಊಹಿಸುತ್ತೇನೆ. ಸಣ್ಣ ಊರಿನಲ್ಲಿ ಯಾರು ಹಾಕಿಸಿಕೊಂಡರು, ಯಾರು ಉಳಿದರು, ಯಾರ ಮನೆಯಿಂದ ಹೆಣ ಹೊರಟಿತು ಎಂಬುದು ಓಣಿಯವರಿಗೆಲ್ಲಾ ಕಣ್ಣಾರೆ ಕಾಣುತ್ತದೆ. ಅಲ್ಲಿ ಸುದ್ದಿಯು ವೃತ್ತಪತ್ರಿಕೆಯ ಮೂಲಕ ಬರಬೇಕಾಗಿರಲಿಲ್ಲ. ನೋಡಿದವರೇ ಲೆಕ್ಕ ಬರೆದುಕೊಂಡರು, ಲೆಕ್ಕ ತಾಳೆಯಾಯಿತು. ಲಸಿಕೆಯ ಪತ್ತೇ ಎಲ್ಲೆಡೆಯೂ ಹೀಗೆ ಏರಲಿಲ್ಲ. ೧೯೦೨ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಲಸಿಕೆ ಹಾಕಿಸಿಕೊಂಡ ಹತ್ತೊಂಬತ್ತು ಜನ ಧನುರ್ವಾಯುವಿನಿಂದ ಸತ್ತಾಗ ಹಾಫ್ಕಿನ್ನನೇ ಹೊಣೆಯೆಂದು ಅವನನ್ನು ಕೆಲಸದಿಂದ ದೂರವಿಟ್ಟರು. ಅವನು ನಿರ್ದೋಷಿಯೆಂದು ಒಪ್ಪುವುದಕ್ಕೆ ೧೯೦೭ರವರೆಗೆ ಕಾಯಬೇಕಾಯಿತು.

ಹುಬ್ಬಳ್ಳಿಯಿಂದ ರೈಲಿನ ಹಾದಿ ಹಿಡಿದು ೧೮೯೮ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಮೈಸೂರು ಸರಕಾರವು, ಮುಂದೆ ದಿವಾನರಾದ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಜನ ತುಂಬಿದುದು ಈ ಕಾಲದಲ್ಲಿ. ಆ ಕತೆ ಬೆಂಗಳೂರಿನವರಿಗೆಲ್ಲಾ ತಿಳಿದದ್ದೇ.

ಹಳ್ಳಿಗಳಲ್ಲಿ ಮಾತ್ರ ಒಂದು ಬೇರೆಯ ಪತ್ರಿಕೆಯಿತ್ತು, ಅದೆಂದರೆ ಇಲಿ. ಇಲಿ ಬಿದ್ದ ಮನೆಯನ್ನು ಬಿಟ್ಟು ಹೊರಗೆ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಕನ್ನಡನಾಡಿನ ಹಳ್ಳಿಗಳಲ್ಲಿ ರೂಢಿಯಾಯಿತು. ಹಿಮಾಲಯದ ಗಢವಾಲದಲ್ಲಿ ಇದು ಅದಕ್ಕೂ ಹಿಂದಿನಿಂದ ನಡೆದುಬಂದ ಪದ್ಧತಿ. ಚಿಹ್ನೆಯನ್ನು ಕಂಡೂ ಓದಲಾರದ ಅಗ್ರಹಾರವೊಂದನ್ನು ಅನಂತಮೂರ್ತಿಯವರು ‘ಸಂಸ್ಕಾರ’ದಲ್ಲಿ (೧೯೬೫) ಚಿತ್ರಿಸಿದ್ದಾರೆ. ಸಾಮಾನ್ಯ ಒಕ್ಕಲಿಗನು ಆ ಚಿಹ್ನೆಯನ್ನು ಸರಿಯಾಗಿಯೇ ಓದಿದನು. ಇತ್ತ ನಗರಗಳಲ್ಲಿ ವಿದ್ಯಾವಂತ ಸಮಿತಿಗಳು ಚರಂಡಿಗಳಿಗೆ ಕಾರ್ಬಾಲಿಕ್ ಸುರಿಸುತ್ತಿದ್ದವು, ಹೆಂಚು ಕೀಳಿಸಿ ಮನೆಗೆ ಬಿಸಿಲು ಬಿಡಿಸುತ್ತಿದ್ದವು. ೧೮೯೮ರ ಜೂನಿನಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊನ್ ಎಂಬ ಫ್ರೆಂಚ್ ವೈದ್ಯನು ರೋಗ ಹರಡುವುದು ಇಲಿಯ ಮೈಯ ಚಿಗಟದಿಂದ ಎಂದು ತೋರಿಸಿದಾಗ ಭಾರತದ ಪ್ಲೇಗ್ ಆಯೋಗ ಅದಕ್ಕೆ ಬೆಲೆ ಕೊಡಲಿಲ್ಲ. ೧೯೦೫ರ ನಂತರ ಮುಂಬಯಿಯಲ್ಲಿ ನಡೆದ ಸಂಶೋಧನೆಗಳಿಂದ ಅದು ಸ್ಥಿರಪಟ್ಟಿತು. ಅಂದಮೇಲೆ ಮನೆಯ ಬಟ್ಟೆ ಸುಟ್ಟು ನೀರು ಹೊಡೆದು ಇಲಿಗಳನ್ನು ಪಕ್ಕದ ಮನೆಗೆ ಅಟ್ಟಿದ ಅಧಿಕಾರಿಗಿಂತ, ಮನೆಯನ್ನೇ ಬಿಟ್ಟುಹೋದ ರೈತನು ರೋಗದ ಗುಟ್ಟಿಗೆ ಹತ್ತಿರವಾಗಿದ್ದನು. ಊರಿಗೆ ಊರೇ ತೆರವಾಗುವುದು ಉತ್ತಮ ಉಪಾಯವೆಂದು ಸರಕಾರವೂ ಮುಂದೆ ಒಪ್ಪಿತು. ಅಷ್ಟರಲ್ಲಿ ದೇಶದಲ್ಲಿ ೧೯೦೭ರ ಒಂದೇ ವರ್ಷದಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಜನ ಪ್ಲೇಗಿಗೆ ಬಲಿಯಾದರು.

ಪ್ಲೇಗಿನ ಋಣ ಮುಂಬಯಿಯ ಕನ್ನಡಿಗರ ಮೇಲೂ ಒಂದಿಷ್ಟು ಇದೆ. ೧೮೯೮ರಲ್ಲಿ ಸ್ಥಾಪಿತವಾದ ಮುಂಬಯಿ ನಗರಾಭಿವೃದ್ಧಿ ಟ್ರಸ್ಟು ಹಾಕಿದ ಬಡಾವಣೆಗಳಲ್ಲಿ ದಾದರ್-ಮಾಟುಂಗ ಪ್ರಮುಖವಾದುದು. ಮೈಸೂರು ಅಸೋಸಿಯೇಶನ್ನಿಗೆ ಹೋಗುವಾಗ ನಾವು ಹಾಯುವ ಆ ಅಗಲವಾದ ಮರಗಳ ಬೀದಿಗಳು ಮಾಂಡವಿಯ ಗಾಳಿಯಿಲ್ಲದ ಮಾಳಿಗೆಗಳಿಗೆ ಕೊಟ್ಟ ಉತ್ತರಗಳು.

೧೮೯೭ರ ಕಾಯಿದೆಯು ಪ್ಲೇಗಿನೊಡನೆ ಹೋಗಲಿಲ್ಲ. ೨೦೨೦ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಕರ್ನಾಟಕ ಸರಕಾರವು ನಿಯಮಗಳನ್ನು ಹೊರಡಿಸಿದುದು ಅದರ ಬಲದಿಂದಲೇ. ದಿಗಿಲಿನ ೫೦೫ನೆಯ ಕಲಮು ೨೦೨೪ರ ಜೂನ್ ೩೦ರವರೆಗೆ ಹಳೆಯ ಸಂಹಿತೆಯಲ್ಲಿ ನಡೆದು, ಮರುದಿನದಿಂದ ಹೊಸ ನ್ಯಾಯಸಂಹಿತೆಯ ೩೫೩ನೆಯ ಕಲಮಿಗೆ ತನ್ನ ಸಾರವನ್ನು ಒಪ್ಪಿಸಿತು.

ಪ್ಲೇಗೆಂಬ ಹೆಸರೇ ಮತ್ತೊಮ್ಮೆ ಪತ್ರಿಕೆಗಳ ಮೊದಲ ಪುಟಕ್ಕೆ ಬಂದುದು ೧೯೯೪ರ ಸೆಪ್ಟೆಂಬರಿನಲ್ಲಿ, ಸೂರತ್ತಿನಲ್ಲಿ. ಸತ್ತವರು ನೂರಾರು ಎಂದು ಕೆಲವು ಪತ್ರಿಕೆಗಳು ಬರೆದವು. ಕೊನೆಗೆ ನಿಂತ ಲೆಕ್ಕ ಐವತ್ತರ ಮೇಲೆ ಸ್ವಲ್ಪವೇ. ವಿದೇಶೀ ವಿಮಾನ ಸಂಸ್ಥೆಗಳು ಭಾರತಕ್ಕೆ ಬರುವುದನ್ನು ನಿಲ್ಲಿಸಿದವು, ರಫ್ತಿಗೆ ಪೆಟ್ಟು ಬಿತ್ತು, ವೆನಿಸ್ಸಿನ ನೆನಪಾಗುವಂತಿತ್ತು. ಅದು ಪ್ಲೇಗು ಹೌದೋ ಅಲ್ಲವೋ ಎಂಬ ಚರ್ಚೆ ರೋಗ ಅಡಗಿದ ಬಳಿಕವೂ ತಜ್ಞರಲ್ಲಿ ನಡೆಯಿತು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಸೂರತ್ತನ್ನು ಬಿಟ್ಟರು. ಈ ಪಲಾಯನಕ್ಕೆ ಪತ್ರಿಕೆಗಳ ದಪ್ಪಕ್ಷರಗಳೇ ಕಾರಣವೆಂದು ಅಂದು ಬಹಳವಾಗಿ ದೂರಲಾಯಿತು. ದಪ್ಪಕ್ಷರ ಅಚ್ಚಾದುದು ನಿಜ. ಆದರೆ ಆ ನಗರದ ಖಾಸಗಿ ವೈದ್ಯರಲ್ಲಿ ಅನೇಕರು ತಮ್ಮ ದವಾಖಾನೆಗಳಿಗೆ ಬೀಗ ಹಾಕಿ ಸಂಸಾರಸಮೇತ ಹೊರಟುಹೋಗಿದ್ದರು. ನೇಯ್ಗೆಯ ಕಾರ್ಖಾನೆಗಳಿಗೂ ವಜ್ರದ ಸಾಣೆಗೂ ದೂರದ ಪ್ರಾಂತಗಳಿಂದ ಬಂದಿದ್ದ ಕೂಲಿಕಾರರು ಬೆಳಗಿನಲ್ಲಿ ಮೊದಲು ನೋಡಿದುದು ಆ ಬೀಗಗಳನ್ನು.